ನದಿಯೇ ಇಲ್ಲದ ಕೋಲಾರದಲ್ಲಿ ಗೋಡೌನ್‌ಗೆ ಪ್ರವಾಹದ ಇನ್ಶೂರೆನ್ಸ್ ಯಾಕೆ? ನಷ್ಟವನ್ನೇ ಕಡಿಮೆ ಮಾಡಲು ಆಗುವುದಿಲ್ಲವಾ?

ನಿಮ್ಮ ಪ್ರಶ್ನೆ ಓದಿದೆ. ಕೋಲಾರದ ಹೊರಗೆ ಶೀಟಿನ ಗೋಡೌನ್, ಪಶು ಆಹಾರ ಮತ್ತು ಗೊಬ್ಬರದ ವ್ಯಾಪಾರ. ಬ್ಯಾಂಕಿನವರು ಹೇಳಿದರು ಅಂತ ವರ್ಷಾ ವರ್ಷಾ ಪ್ರೀಮಿಯಂ ಕಟ್ಟುತ್ತಿದ್ದೀರಿ. ಮಳೆ, ಗಾಳಿಯಿಂದ ಹಾಳಾದ ಮೇಲೆ ದುಡ್ಡು ಕೊಡುವುದು ಬಿಟ್ಟು, ಹಾಳೇ ಆಗದ ಹಾಗೆ ಇನ್ಶೂರೆನ್ಸ್‌ನವರು ಏನಾದರೂ ಮಾಡುತ್ತಾರಾ ಅಂತ ಕೇಳಿದ್ದೀರಿ.

ನಾನು ಸರ್ವೇಯರ್. ಜಮೀನು ಅಳೆಯುವವನಲ್ಲ, ನಷ್ಟ ಅಳೆಯುವವನು. ಮುಳಬಾಗಿಲು ಕಡೆ ಒಬ್ಬ ಅಜ್ಜ ನನ್ನ ಕೈಗೆ ಪಹಣಿ ಕೊಟ್ಟು, ಪಕ್ಕದವನು ಎರಡು ಅಡಿ ಒತ್ತಿದ್ದಾನೆ ನೋಡಪ್ಪ ಅಂದಿದ್ದರು. ಕ್ಲೇಮ್ ಬಂದಾಗ ಜಾಗಕ್ಕೆ ಹೋಗಿ ನೋಡಿ ವರದಿ ಕೊಡುವುದು ನನ್ನ ಕೆಲಸ. ನನ್ನ ಫೀಸು ಇನ್ಶೂರೆನ್ಸ್ ಕಂಪನಿಯೇ ಕೊಡುತ್ತದೆ. ಅದನ್ನು ತಿಳಿದುಕೊಂಡೇ ಮುಂದೆ ಓದಿ.

ಮೊದಲು ನದಿಯ ಮಾತು. ನದಿ ಇಲ್ಲ ಅಂತೀರಿ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಲ್ಲ ಹುಟ್ಟುವುದು ನಂದಿ ಬೆಟ್ಟದ ಸುತ್ತಮುತ್ತ. ಹರಿಯುವುದನ್ನು ನಾವು ನೋಡಿಲ್ಲ, ಅಷ್ಟೇ. ನಮ್ಮಲ್ಲಿ ನೀರು ಬರುವುದು ಕೆರೆಯಿಂದ. ಒಂದು ಕೆರೆ ಕೋಡಿ ಹೋದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹತ್ತಿಪ್ಪತ್ತು ವರ್ಷ ಕೆರೆ ಒಣಗಿದ್ದಾಗ ಆ ಕೋಡಿ ಕಾಲುವೆ ಯಾರಿಗೂ ನೆನಪಿರುವುದಿಲ್ಲ. ಸೈಟು ಆಗುತ್ತದೆ, ಗೋಡೌನ್ ಏಳುತ್ತದೆ. 2021ರ ನವೆಂಬರ್‌ನಲ್ಲಿ ನೀರಿಗೆ ಮಾತ್ರ ದಾರಿ ನೆನಪಿತ್ತು. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯಲ್ಲಿ ಎಷ್ಟೋ ವರ್ಷದಿಂದ ತುಂಬದ ಕೆರೆಗಳು ಕೋಡಿ ಬಿದ್ದವು. ಜೊತೆಗೆ 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬರುತ್ತಿದೆ. ಒಳ್ಳೆಯದೇ. ಆದರೆ ಕೆರೆ ಮೊದಲೇ ಅರ್ಧ ತುಂಬಿದ್ದರೆ ಜೋರು ಮಳೆಗೆ ಜಾಗ ಕಡಿಮೆ, ಅಲ್ವಾ? ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಗೋಡೌನ್ ನಿಂತಿರುವ ಸರ್ವೆ ನಂಬರ್ ತೆಗೆದು ನೋಡಿ. ಹಳೇ ನಕ್ಷೆಯ ಕೆರೆ, ಕಾಲುವೆ ಕಾಣುತ್ತವೆ. ಐದು ನಿಮಿಷದ ಕೆಲಸ.

ಆ ನವೆಂಬರ್‌ನಲ್ಲಿ ನೋಡಿದ ಒಂದು ಗೋಡೌನ್ ಹೇಳುತ್ತೇನೆ, ವ್ಯಾಪಾರ ನಿಮ್ಮದೇ. ಶಟರ್ ತೆಗೆದರೆ ಯೂರಿಯಾ ಕರಗಿದ ವಾಸನೆ ಮೂಗಿಗೆ ಹೊಡೆಯಿತು. ಗೋಡೆಯ ಮೇಲೆ ಕೆಸರಿನ ಗೆರೆ. ಟೇಪು ಹಿಡಿದೆ, 13 ಇಂಚು. ಹಿಂಡಿ, ಬೂಸಾ, ಫೀಡು ಎಲ್ಲ ನೆಲದ ಮೇಲೇ ಹನ್ನೆರಡು ಸಾಲು ಅಟ್ಟಿ. 13 ಇಂಚು ಅಂದರೆ ಕೆಳಗಿನ ಎರಡು ಸಾಲು. ನೆನೆದದ್ದು ಅಷ್ಟೇ. ಆದರೆ ನೆನೆದ ಮೂಟೆ ಮೆತ್ತಗಾಗಿ, ಮೇಲಿನ ಭಾರ ತಡೆಯದೆ ಇಡೀ ಅಟ್ಟಿ ವಾಲಿ ಬಿದ್ದಿತ್ತು. ಮೇಲೆ ಒಣಗಿದ್ದ ಮೂಟೆಗಳೂ ಒಡೆದು ಕೆಸರು ನೀರಿಗೆ ಚೆಲ್ಲಿದ್ದವು.

ಎರಡು ಅಂಗಡಿ ಆಚೆ ಇನ್ನೊಬ್ಬರ ಗೋಡೌನ್. ಅಲ್ಲೂ ಅದೇ 13 ಇಂಚು. ಅವರ ಮನೆಯವರು ಟೊಮೆಟೊ ಮಂಡಿಯಲ್ಲಿರುವವರು. ಹಳೇ ಟೊಮೆಟೊ ಕ್ರೇಟುಗಳನ್ನು ಒತ್ತೊತ್ತಾಗಿ ಬೋರಲು ಹಾಕಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಆರೇ ಸಾಲು ಮೂಟೆ ಇಟ್ಟಿದ್ದರು. ಕ್ರೇಟಿನ ಎತ್ತರ ಸುಮಾರು ಒಂದಡಿ. ನೀರು ಹಲಗೆಯನ್ನು ಮುಟ್ಟಿ ಇಳಿದಿತ್ತು. ಅವರು ಕ್ಲೇಮೇ ಹಾಕಲಿಲ್ಲ. ಸುಮ್ನೆ ಕುತೂಹಲಕ್ಕೆ ಹೋಗಿ ನೋಡಿ ಬಂದೆ.

ಇಂಥ ಮಾತನ್ನು ಪಾಲಿಸಿ ಮಾಡುವಾಗಲೇ ಯಾರಾದರೂ ಬಂದು ಹೇಳಬೇಕಿತ್ತು. ದೊಡ್ಡ ಫ್ಯಾಕ್ಟರಿಗಳಿಗೆ ಕಂಪನಿಯಿಂದ ಇಂಜಿನಿಯರ್ ಬರುತ್ತಾರೆ. ಮೋರಿ ಎಲ್ಲಿದೆ, ಟ್ರಾನ್ಸ್‌ಫಾರ್ಮರ್ ಎಷ್ಟು ಎತ್ತರದಲ್ಲಿದೆ ಅಂತ ನೋಡಿ, ಇದನ್ನು ಸರಿ ಮಾಡಿ ಅಂತ ಬರೆದುಕೊಡುತ್ತಾರೆ. ನಿಮ್ಮಂಥ ಸಣ್ಣ ಗೋಡೌನ್‌ಗೆ ಯಾರೂ ಬರುವುದಿಲ್ಲ. ನಿಮ್ಮ ಪ್ರೀಮಿಯಂನಲ್ಲಿ ಆ ಖರ್ಚು ಗಿಟ್ಟುವುದಿಲ್ಲ ಅಂತಾರೆ. ಕಂಪನಿ ತನ್ನ ಭಾರವನ್ನು ಮರುವಿಮೆ ಮಾಡಿ ಇನ್ನೊಬ್ಬರ ಜೊತೆ ಹಂಚಿಕೊಳ್ಳುತ್ತದೆ. ಹಂಚಿಕೊಂಡರೆ ನಷ್ಟ ಕಡಿಮೆ ಆಗುವುದಿಲ್ಲ. ಕ್ರೇಟು ಹಾಕಿದವರಿಗೂ ಹಾಕದವರಿಗೂ ಪ್ರೀಮಿಯಂ ಒಂದೇ. ಈ ಕಸುಬಿನಲ್ಲಿ ನನಗೆ ಹಿಡಿಸದ ವಿಷಯ ಇದೇ.

ಇನ್ನು ಗಾಳಿ. ನಿಮ್ಮದು ಶೀಟಿನ ಮಾಡು, ಅದಕ್ಕೆ ನವೆಂಬರ್‌ಗಿಂತ ಅಶ್ವಿನಿ, ಭರಣಿ ಮಳೆಯೇ ಜಾಸ್ತಿ ಅಪಾಯ. ಆಲಿಕಲ್ಲು, ಬಿರುಗಾಳಿ ಬರುವ ಕಾಲ ಅದು. ಹಾರಿಹೋದ ಮಾಡುಗಳನ್ನು ನೋಡಿದರೆ, ನಡುವಿನ ಶೀಟು ಮೊದಲು ಎದ್ದದ್ದು ಅಪರೂಪ. ಮೊದಲು ಏಳುವುದು ಮೂಲೆ, ಆಮೇಲೆ ಅಂಚಿನ ಸಾಲು. ಗಾಳಿ ಅಲ್ಲೇ ಜಾಸ್ತಿ ಎಳೆಯುತ್ತದೆ. ಶಟರ್ ತೆರೆದಿದ್ದರೆ ಒಳಗಿನಿಂದಲೂ ತಳ್ಳುತ್ತದೆ. ಆದ್ದರಿಂದ ಮೂಲೆ ಮತ್ತು ಅಂಚಿನಲ್ಲಿ ಸ್ಕ್ರೂ, ಜೆ-ಬೋಲ್ಟ್ ಹತ್ತಿರ ಹತ್ತಿರ ಹಾಕಿಸಿ. ರಬ್ಬರ್ ವಾಷರ್ ಬಿಸಿಲಿಗೆ ಒಡೆದಿದ್ದರೆ ಬದಲಾಯಿಸಿ. ಶಿವರಾತ್ರಿ ಕಳೆದ ಮೇಲೆ ಒಬ್ಬ ವೆಲ್ಡರ್‌ನನ್ನು ಅರ್ಧ ದಿನ ಹತ್ತಿಸಿದರೆ ಆಯ್ತು. ಶೀಟಿನ ಮೇಲೆ ಕಲ್ಲು, ಹಳೇ ಟೈರು ಹೇರುವುದು ನಮ್ಮ ಕಡೆ ವಾಡಿಕೆ. ದಯವಿಟ್ಟು ಬೇಡ. ಶೀಟು ಎದ್ದರೆ ಆ ಕಲ್ಲು ಯಾರ ತಲೆ ಮೇಲೆ ಬೀಳುತ್ತದೋ ಗೊತ್ತಾಗುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ಗಾಳಿಗೆ ಶೀಟು ಹಾರಿ, ಆ ಜಾಗದಿಂದ ಮಳೆ ಸುರಿದು ಮಾಲು ನೆನೆದರೆ ಅದು ಬಿರುಗಾಳಿಯ ನಷ್ಟ. ಹಳೇ ತೂತಿನಿಂದ ಸೋರಿ ನೆನೆದರೆ ಅದು ರಿಪೇರಿ ಮಾಡಿಸದ ತಪ್ಪು, ಕ್ಲೇಮ್ ಸಿಗುವುದು ಕಷ್ಟ. ಅಂದು ನಿಮ್ಮೂರಲ್ಲಿ ಎಷ್ಟು ಮಳೆ ಬಿತ್ತು ಅನ್ನುವುದಕ್ಕೂ ಲೆಕ್ಕ ಇರುತ್ತದೆ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ಅನುಮಾನ ಬಂದರೆ ನಾವು ನೋಡುವುದು ಅದನ್ನೇ.

ಭೂಕಂಪ? ಅದೂ ಪಾಲಿಸಿಯಲ್ಲಿದೆ. 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ 3ರ ಆಸುಪಾಸಿನ ತೀವ್ರತೆಯಲ್ಲಿ ನೆಲ ನಡುಗಿತ್ತು. ನಿಮ್ಮ ನಿದ್ದೆಗೆಡಿಸುವ ವಿಷಯ ಅದಲ್ಲ.

ನೀರು ಇಳಿದ ಮೇಲೆ ಆಗುವ ನಷ್ಟವೇ ನನಗೆ ಜಾಸ್ತಿ ಹೊಟ್ಟೆ ಉರಿಸುತ್ತದೆ. ಅದೇ ಮೊದಲ ಗೋಡೌನ್‌ಗೆ ನಾನು ಹೋಗಿದ್ದು ನಾಲ್ಕನೇ ದಿನ. ಆ ವಾರ ಕೈಯಲ್ಲಿ ಆರು ಕ್ಲೇಮ್ ಇದ್ದವು, ತಡ ಆಯಿತು, ನನ್ನದೂ ತಪ್ಪಿದೆ. ಅಷ್ಟು ದಿನವೂ ಮಾಲೀಕರು ಒಂದು ಮೂಟೆ ಅಲುಗಿಸಿರಲಿಲ್ಲ. ಕಂಪನಿ ಆಫೀಸಿನಲ್ಲಿ ಯಾರೋ ಫೋನಿನಲ್ಲಿ, ಸರ್ವೇಯರ್ ಬರುವ ತನಕ ಏನೂ ಮುಟ್ಟಬೇಡಿ ಅಂದಿದ್ದರಂತೆ. ಉಳಿಸಬಹುದಾಗಿದ್ದ ಫೀಡಿಗೂ ಬೂಷ್ಟು ಹಿಡಿದಿತ್ತು. ಆ ಸಲಹೆ ಶುದ್ಧ ತಪ್ಪು. ಇನ್ಶೂರೆನ್ಸ್ ಇಲ್ಲದವನು ತನ್ನ ಮಾಲು ಉಳಿಸಿಕೊಳ್ಳಲು ಹೇಗೆ ಒದ್ದಾಡುತ್ತಾನೋ ಹಾಗೆ ನೀವೂ ಒದ್ದಾಡಬೇಕು. ಪಾಲಿಸಿಯ ಷರತ್ತೂ ಅದೇ. ಮೊದಲು ಕಂಪನಿಗೆ ತಿಳಿಸಿ. ನೀರಿನ ಗೆರೆ ಕಾಣುವ ಹಾಗೆ ಫೋಟೋ, ವಿಡಿಯೋ ತೆಗೆಯಿರಿ. ಆಮೇಲೆ ಹಮಾಲರನ್ನು ಕರೆದು ಒಣಗಿದ್ದು ಬೇರೆ, ನೆನೆದದ್ದು ಬೇರೆ ಮಾಡಿಸಿ. ನೆನೆದದ್ದನ್ನು ಎಸೆಯಬೇಡಿ, ಎಣಿಸಿ ಒಂದು ಕಡೆ ಇಡಿ.

ಕೊನೆಗೆ ಪಾಲಿಸಿಯ ಮೊತ್ತ. ನಿಮ್ಮ ಪಾಲಿಸಿ ಬ್ಯಾಂಕ್ ಮಾಡಿಸಿದ್ದು ಅಂದಿರಿ. ಹಾಗಾದರೆ ಮೊತ್ತ ನಿಮ್ಮ ಸಾಲದಷ್ಟೇ ಇರಬಹುದು, ನಿಮ್ಮ ಸ್ಟಾಕಿನಷ್ಟು ಇರಲಿಕ್ಕಿಲ್ಲ. ಗೋಡೌನ್‌ನಲ್ಲಿ 40 ಲಕ್ಷದ ಮಾಲು, ಪಾಲಿಸಿ 20 ಲಕ್ಷಕ್ಕೆ ಅಂತ ಇಟ್ಟುಕೊಳ್ಳಿ. 4 ಲಕ್ಷ ನಷ್ಟವಾದರೆ ನಾನು ಬರೆಯುವುದು 2 ಲಕ್ಷ, ಅದರಲ್ಲೂ ಪಾಲಿಸಿಯ ಪ್ರಕಾರ ನೀವೇ ಹೊರಬೇಕಾದ ಪಾಲು ಕಳೆಯುತ್ತದೆ. ಅರ್ಧಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ, ಆದ್ದರಿಂದ ಅರ್ಧ. ಇದನ್ನು ಹೇಳಿದಾಗ ಬೈಸಿಕೊಳ್ಳುವವನು ನಾನು. 2021ರ ಏಪ್ರಿಲ್ 1ರಿಂದ ಒಂದು ಜಾಗದಲ್ಲಿ 5 ಕೋಟಿಯವರೆಗಿನ ಆಸ್ತಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅನ್ನುವ ಪಾಲಿಸಿ ಇದೆ. ಅದರಲ್ಲಿ ಪಾಲಿಸಿ ಮೊತ್ತ ಮಾಲಿನ ಬೆಲೆಗಿಂತ ಕಡಿಮೆ ಇದ್ದರೂ ಆ ಕೊರತೆ ಶೇ. 15ರ ಒಳಗಿದ್ದರೆ, ಹೀಗೆ ಕ್ಲೇಮ್ ಇಳಿಸುವುದಿಲ್ಲ. ನಿಮ್ಮದು ಅದೇನಾ ಅಂತ ಏಜೆಂಟರನ್ನು ಕೇಳಿ.

ಇನ್ನೊಂದು ಮರೆತಿದ್ದೆ. ಆ ಮೊದಲ ಗೋಡೌನ್‌ನ ಸ್ಟಾಕ್ ರಿಜಿಸ್ಟರ್ ಮೇಜಿನ ಕೆಳಗಿನ ಡ್ರಾಯರ್‌ನಲ್ಲಿತ್ತು. ಎಷ್ಟು ಮೂಟೆ ಇತ್ತು ಅಂತ ಕೇಳಿದ್ದಕ್ಕೆ, ಅದನ್ನು ಎತ್ತಿ ನೀರು ಹಿಂಡಿ ತೋರಿಸಿದರು. ತಿಂಗಳಿಗೊಮ್ಮೆ ಪುಟಗಳ ಫೋಟೋ ತೆಗೆದು ಮನೆಯವರ ವಾಟ್ಸಾಪಿಗೆ ಕಳಿಸಿಡಿ.