ಬೆಲ್ಲ ತಿಂದರೆ ರಕ್ತ ಏರುತ್ತದೆಯೇ? ತಾಯಿ–ಮಗು ಪ್ರಶ್ನೋತ್ತರ

ಪ್ರಶ್ನೆ: ಸೊಸೆಗೆ ಐದು ತಿಂಗಳು ತುಂಬಿದೆ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 9.2 ಎಂದಿದೆ. ಆಶಾ ಕೊಟ್ಟ ಕೆಂಪು ಮಾತ್ರೆಯನ್ನು ಬೆಳಗ್ಗೆ ಕಾಫಿ ಜೊತೆ ನುಂಗುತ್ತಾಳೆ, ಆಮೇಲೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ. ದಿನಾ ಬೆಲ್ಲ, ಬೀಟ್‌ರೂಟ್ ಕೊಡುತ್ತಿದ್ದೇವೆ. ಮಾತ್ರೆ ತಿಂದರೆ ಮಗು ಕಪ್ಪಗಾಗುತ್ತದೆ, ದಪ್ಪ ಬೆಳೆದು ಹೆರಿಗೆ ಕಷ್ಟವಾಗುತ್ತದೆ ಎನ್ನುತ್ತಾರೆ. ನಿಲ್ಲಿಸಬಹುದೇ?
– ಒಬ್ಬ ಅತ್ತೆ, ಮದ್ದೂರು

ಉತ್ತರ: ನಿಲ್ಲಿಸಬೇಡಿ ಅಮ್ಮ. ಬಸುರಿಗೆ ಹಿಮೋಗ್ಲೋಬಿನ್ 11 ಇರಬೇಕು. 7ರಿಂದ 9.9ರವರೆಗೆ ಮಧ್ಯಮ ರಕ್ತಹೀನತೆ. ಈ ಮಟ್ಟಕ್ಕೆ ದಿನಕ್ಕೆ ಎರಡು ಮಾತ್ರೆ ಕೊಡುವುದು ಕ್ರಮ. ಕಾರ್ಡಿನಲ್ಲಿ ಎಷ್ಟು ಬರೆದಿದ್ದಾರೆ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ, ನೀವಾಗಿಯೇ ಹೆಚ್ಚಿಸಬೇಡಿ.

ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ಮಂಡ್ಯದ ಬೆಲ್ಲ ಎಷ್ಟೇ ಒಳ್ಳೆಯದಿರಲಿ, ನಿಂಬೆಗಾತ್ರದ ಒಂದು ಉಂಡೆಯಲ್ಲಿ ಒಂದೆರಡು ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ನಂಟಿಲ್ಲ. ಅದರಲ್ಲಿ ಕಬ್ಬಿಣ ತೀರಾ ಕಡಿಮೆ. ನಮ್ಮ ಮುದ್ದೆಯಲ್ಲೂ ಹೇರಳವಾಗಿರುವುದು ಕ್ಯಾಲ್ಸಿಯಂ, ಕಬ್ಬಿಣವಲ್ಲ.

ನಿಮ್ಮ ಮನೆಯ ತೊಂದರೆ ಇರುವುದು ಕಾಫಿಯಲ್ಲಿ. ಕಾಫಿ, ಟೀಯ ಒಗರು ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳಿನಿಂದ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯೂ ಅಡ್ಡ ಬರುತ್ತದೆ. ಎರಡೆರಡು ಮಾತ್ರೆ ಬರೆದುಕೊಟ್ಟಿದ್ದರೆ ಹೀಗೆ ಹೊಂದಿಸಿ: ಬೆಳಗ್ಗೆ 8.30ಕ್ಕೆ ತಿಂಡಿ ಆದ ಮೇಲೆ ಕ್ಯಾಲ್ಸಿಯಂ, 11 ಗಂಟೆಗೆ ಕಬ್ಬಿಣದ ಮಾತ್ರೆ, ಮಧ್ಯಾಹ್ನ 1.30ಕ್ಕೆ ಊಟದ ಮೇಲೆ ಇನ್ನೊಂದು ಕ್ಯಾಲ್ಸಿಯಂ, ರಾತ್ರಿ 8ಕ್ಕೆ ಉಂಡು 10ಕ್ಕೆ ಮಲಗುವಾಗ ಎರಡನೆಯ ಕಬ್ಬಿಣ. ಕಾಫಿ ಬೇಕೇ ಬೇಕೆಂದರೆ ಬೆಳಗ್ಗೆ 7ಕ್ಕೆ, ಸಂಜೆ 4ಕ್ಕೆ. ಕಬ್ಬಿಣದ ಮಾತ್ರೆಗೆ ನಿಂಬೆ ಪಾನಕ ಅಥವಾ ಬರೀ ನೀರು, ಹಾಲು ಬೇಡ. ನಿಂಬೆ, ನೆಲ್ಲಿ, ಸೀಬೆಯ ಹುಳಿಯಂಶ ಕಬ್ಬಿಣ ಹೀರಲು ನೆರವಾಗುತ್ತದೆ.

ಹೊಟ್ಟೆ ತೊಳಸಿದರೆ ಊಟವಾದ ತಕ್ಷಣ ನುಂಗಲಿ, ಕ್ಯಾಲ್ಸಿಯಂ ಜೊತೆಗೆ ಮಾತ್ರ ಬೇಡ. ಹೀರುವುದು ಸ್ವಲ್ಪ ಕಡಿಮೆಯಾದರೂ, ಡಬ್ಬಿಯಲ್ಲೇ ಉಳಿದ ಮಾತ್ರೆಗಿಂತ ಅದು ಮೇಲು. ಕಪ್ಪು ಮಲ ಬರುವುದು ಹೀರದೆ ಉಳಿದ ಕಬ್ಬಿಣದಿಂದ, ಭಯವಿಲ್ಲ. ಮಲಬದ್ಧತೆಗೆ ನೀರು, ಸೊಪ್ಪು, ಹಣ್ಣು ಹೆಚ್ಚಿಸಿ. ಮಗುವಿನ ಬಣ್ಣ ಬರುವುದು ತಂದೆತಾಯಿಯಿಂದ, ಮಾತ್ರೆಯಿಂದಲ್ಲ. ರಕ್ತವಿಲ್ಲದ ತಾಯಿಗೆ ದಪ್ಪ ಮಗುವಿನ ಚಿಂತೆಗಿಂತ 2.5 ಕೆ.ಜಿ.ಗಿಂತ ಕಡಿಮೆ ತೂಕದ ಮಗು ಹುಟ್ಟುವ ಚಿಂತೆ ದೊಡ್ಡದು. ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿಯೂ ಅವಳಿಗಿರುವುದಿಲ್ಲ.

ಊಟದಲ್ಲಿ ಮೊಳಕೆ ಹುರುಳಿಯ ಉಪ್ಸಾರಿಗೆ ಅರ್ಧ ಹೋಳು ನಿಂಬೆ ಹಿಂಡಿ. ಕಾಳು ಮೊಳೆತಾಗ ಕಬ್ಬಿಣವನ್ನು ಕಟ್ಟಿಹಾಕುವ ಅಂಶ ಕಡಿಮೆಯಾಗುತ್ತದೆ. ದಂಟು, ನುಗ್ಗೆ ಸೊಪ್ಪಿನ ಬಸ್ಸಾರು ಇನ್ನೂ ಒಳ್ಳೆಯದು: ಬೇಯಿಸಿ ಬಸಿದ ಕಟ್ಟನ್ನೇ ಸಾರು ಮಾಡುವುದರಿಂದ ನೀರಿಗಿಳಿದ ಸತ್ವ ಪೋಲಾಗುವುದಿಲ್ಲ. ಮಾಂಸ ತಿನ್ನುವ ಮನೆಯಾದರೆ ಕೊಡಿ, ಅದರ ಕಬ್ಬಿಣ ಬೇಗ ಮೈಗೆ ಹತ್ತುತ್ತದೆ. ಜಂತುಹುಳುವಿನ ಮಾತ್ರೆ (ಅಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದೇ ಸಲ) ಮೂರು ತಿಂಗಳು ಕಳೆದ ಮೇಲೆ ಕೊಡುತ್ತಾರೆ, ಕೊಟ್ಟಿದ್ದಾರೆಯೇ ನೋಡಿ.

ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಲೇಬೇಕು. ಹಿಮೋಗ್ಲೋಬಿನ್ ತಿಂಗಳಿಗೆ ಸುಮಾರು 1 ಗ್ರಾಂ ಏರದಿದ್ದರೆ ಕಾಯುತ್ತ ಕೂರಬೇಡಿ. ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಚಿಕಿತ್ಸೆ ಇದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರ ತಪಾಸಣೆ ಉಚಿತ, ಅಂದು ಕರೆದೊಯ್ಯಿರಿ. 7ಕ್ಕಿಂತ ಇಳಿದರೆ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಪ್ರಶ್ನೆ: ಸಿಸೇರಿಯನ್ ಆಗಿ 12 ದಿನ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಬೇಳೆ ತಿಂದರೆ ಹೊಲಿಗೆ ಕೀವಾಗುತ್ತದೆ ಎಂದು ಅಮ್ಮ ಅನ್ನ, ಮೆಣಸಿನ ಸಾರು ಮಾತ್ರ ಕೊಡುತ್ತಾರೆ. ಹಾಲು ಸಾಲುತ್ತಿಲ್ಲ ಅನ್ನಿಸುತ್ತಿದೆ.
– ಬಾಣಂತಿ, ಮೈಸೂರು

ಉತ್ತರ: ಕೀವಾಗುವುದು ಸೋಂಕಿನಿಂದ, ಬೇಳೆಯಿಂದಲ್ಲ. ಗಾಯ ಕೂಡಲು ಬೇಳೆ, ಮೊಟ್ಟೆ, ಹಾಲು ಬೇಕು. ಹಾಲೂಡಿಸುವವಳಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಊಟ ಬೇಕು: ಹೆಚ್ಚಿಗೆ ಒಂದು ಮುದ್ದೆ, ಒಂದು ಸೌಟು ಗಟ್ಟಿ ಬೇಳೆ, ಒಂದು ಲೋಟ ಹಾಲು, ಒಂದು ಹಿಡಿ ಕಡಲೆಬೀಜ. ಹಾಲೂಡಿಸಲು ಕೂರುವಾಗಲೆಲ್ಲ ಪಕ್ಕದಲ್ಲಿ ಒಂದು ಲೋಟ ನೀರಿರಲಿ, ಬಾಯಾರಿದಷ್ಟೂ ಕುಡಿಯಿರಿ. ಅಮ್ಮ ಹಾಕುವ ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಹಾಗೇ ಇರಲಿ. ಬೇಡವಾದದ್ದು ಉಪವಾಸ, ಮತ್ತೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ.

ಆದರೆ ಹಾಲು ಹೆಚ್ಚುವುದು ಮುಖ್ಯವಾಗಿ ಮಗು ಚೀಪಿ ಖಾಲಿ ಮಾಡಿದಾಗ. ಹಗಲು ರಾತ್ರಿ ಸೇರಿ 8ರಿಂದ 12 ಸಲ ಹಾಲೂಡಿಸಿ. ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಲ ಕಪ್ಪು ಭಾಗದ ಬಹುಪಾಲು ಒಳಗಿದ್ದು, ಗದ್ದ ಎದೆಗೆ ತಾಗಿರಬೇಕು. ತೊಟ್ಟನ್ನಷ್ಟೇ ಕಚ್ಚಿದರೆ ನಿಮಗೆ ನೋವು, ಮಗುವಿಗೆ ಹಸಿವು. ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡಿ, ಎರಡು ವಾರಕ್ಕೆ ಹುಟ್ಟಿದ ತೂಕಕ್ಕೆ ಮರಳಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಜ್ವರ, ಹೊಲಿಗೆಯಲ್ಲಿ ಕೀವು, ಒಂದು ಗಂಟೆಗೆ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ಕಣ್ಣು ಮಂಜಾಗುವ ತಲೆನೋವು, ಇವುಗಳಲ್ಲಿ ಒಂದಾದರೂ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ವಾಹನಕ್ಕೆ 108.

ಪ್ರಶ್ನೆ: ಏಳು ತಿಂಗಳ ಮಗುವಿಗೆ ರಾಗಿ ಸರಿಯನ್ನು ತೆಳ್ಳಗೆ ಮಾಡಿ ಬಾಟಲಿಯಲ್ಲಿ ಕುಡಿಸುತ್ತೇವೆ. ತೂಕ ಏರುತ್ತಿಲ್ಲ.
– ತಾಯಿ, ಶ್ರೀರಂಗಪಟ್ಟಣ

ಉತ್ತರ: ನೀರಾದ ಸರಿಯಲ್ಲಿ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಬಾಟಲಿ ಬಿಡಿ, ಬಟ್ಟಲು–ಚಮಚ ಹಿಡಿಯಿರಿ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಬೇಕು.

ಗಟ್ಟಿ ಸರಿ ನುಂಗಲು ಕಷ್ಟವಾದರೆ ಮೊಳಕೆ ರಾಗಿ ಹಿಟ್ಟು ಸಹಾಯ ಮಾಡುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಮಕ್ಕಳ ಆಹಾರಕ್ಕಾಗಿ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ರಾಗಿ ತೊಳೆದು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದೂವರೆ–ಎರಡು ದಿನ ಕಟ್ಟಿಡಿ. ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಿ, ಉಜ್ಜಿ ಮೊಳಕೆ ಉದುರಿಸಿ, ಘಮ ಬರುವಷ್ಟೇ ಬೆಚ್ಚಗೆ ಮಾಡಿ ಬೀಸಿಸಿ. ಹೆಚ್ಚು ಹುರಿದರೆ ಪಿಷ್ಟವನ್ನು ಕರಗಿಸುವ ಕಿಣ್ವ ಸಾಯುತ್ತದೆ, ಹಿಟ್ಟು ಮಾಮೂಲಿಯಂತೆಯೇ ಗಂಟಾಗುತ್ತದೆ. ಒಣಗಿಸುವಾಗ ಬೂಷ್ಟು ಕಂಡರೆ ಎಸೆಯಿರಿ.

ಮಾಮೂಲಿ ಹಿಟ್ಟಿನಲ್ಲಿ ಗಟ್ಟಿ ಸರಿ ಬೇಯಿಸಿ ಇಳಿಸಿ. ಕುದಿ ನಿಂತು ಬಿಸಿ ಸ್ವಲ್ಪ ತಗ್ಗಿದ ಮೇಲೆ ಒಂದು ಟೀ ಚಮಚ ಮೊಳಕೆ ಹಿಟ್ಟು ಕಲಸಿ. ಕೆಲವು ನಿಮಿಷದಲ್ಲಿ ನೀರು ಸೇರಿಸದೆಯೇ ಸಡಿಲವಾಗುತ್ತದೆ. ಮತ್ತೊಮ್ಮೆ ಕುದಿಸಿಯೇ ಕೊಡಿ, ಹಸಿ ಹಿಟ್ಟು ಮಗುವಿಗೆ ಆಗದು. ಅರ್ಧ ಚಮಚ ತುಪ್ಪ, ಕಿವುಚಿದ ಬೇಳೆ ಸೇರಿಸಿ. ಈ ವಯಸ್ಸಿಗೆ ದಿನಕ್ಕೆ 2–3 ಸಲ, ಎರಡು ಚಮಚದಿಂದ ಶುರುಮಾಡಿ 250 ಮಿಲಿಲೀಟರ್ ಬಟ್ಟಲಿನ ಅರ್ಧದವರೆಗೆ ಏರಿಸಿ. ಎದೆಹಾಲು ಮುಂದುವರಿಯಲಿ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ. ಜೇನುತುಪ್ಪವಂತೂ ನಾಲಿಗೆಗೆ ತಾಗಿಸಲೂ ಬೇಡ.

ಇನ್ನೊಂದು ಮಾತು. ತಾಯಿಯ ಹೊಟ್ಟೆಯಲ್ಲಿದ್ದಾಗ ಮಗು ಕೂಡಿಟ್ಟ ಕಬ್ಬಿಣ ಆರು ತಿಂಗಳ ಹೊತ್ತಿಗೆ ಮುಗಿಯುತ್ತ ಬರುತ್ತದೆ. ಆಶಾ ಅವರ ಹತ್ತಿರ ಕಬ್ಬಿಣದ ಸಿರಪ್ ಕೇಳಿ ಪಡೆಯಿರಿ: ವಾರಕ್ಕೆ ಎರಡು ದಿನ, ದಿನಕ್ಕೆ 1 ಮಿಲಿಲೀಟರ್. ಮಗುವಿಗೆ ಜ್ವರವಿದ್ದಾಗ ಬೇಡ, ಇಳಿದ ಮೇಲೆ ಮತ್ತೆ ಶುರುಮಾಡಿ.