ಸಿವಿಲ್ ಓದೋಕೆ ಕೆಮಿಸ್ಟ್ರಿ ಯಾಕೆ?

ಪಿಯುಸಿಯಲ್ಲಿ ಕೆಮಿಸ್ಟ್ರಿ ಹೇಗೋ ದಾಟಿ ಬಂದಿದ್ದೀರಿ. ಸಿಇಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಸಿಕ್ಕಿತು, ಇನ್ನು ಅದರ ಕಾಟ ಮುಗಿಯಿತು ಅಂದುಕೊಂಡಿರಿ. ನೋಡಿದರೆ ಮೊದಲ ಸೆಮಿಸ್ಟರ್‌ಗೇ ಕೆಮಿಸ್ಟ್ರಿ ಸೈಕಲ್, ಅಂದರೆ ಕೆಮಿಸ್ಟ್ರಿ ಇರುವ ಸೆಮಿಸ್ಟರ್. "ಕಟ್ಟಡ ಕಟ್ಟೋಕೆ ಕೆಮಿಸ್ಟ್ರಿ ಯಾಕೆ, ಪಾಸಾಗುವಷ್ಟು ಓದಿದರೆ ಸಾಲದಾ? ಓದೋದಾದರೆ ಯಾವ ಕ್ರಮದಲ್ಲಿ?" ಅನ್ನೋದು ನಿಮ್ಮ ಪ್ರಶ್ನೆ ಅಲ್ವಾ?

ಅರ್ಧ ಸಿಲಬಸ್‌ಗೆ ಸಾಲುತ್ತದೆ. ಇನ್ನರ್ಧಕ್ಕೆ ಸಾಲದು. ನಾನು ಸಿವಿಲ್ ಓದಿ ಸೈಟ್‌ಗಳಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಲಸ ಮಾಡುವವಳು. ಯಾವ ಅರ್ಧ ಅನ್ನೋದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ.

ವಿಟಿಯು 2022ರ ಸ್ಕೀಮ್‌ನಲ್ಲಿ ಸಿವಿಲ್‌ನವರಿಗೆ ಬೇರೆಯೇ ಕೆಮಿಸ್ಟ್ರಿ ಪೇಪರ್ ಇಟ್ಟಿದೆ. ಒಳ್ಳೆಯ ಕೆಲಸ. ಅದರಲ್ಲಿ ಸಿಮೆಂಟ್, ತುಕ್ಕು, ನೀರು, ಈ ಮೂರನ್ನು ಬಿಡಬೇಡಿ. ನ್ಯಾನೋ, ಪಾಲಿಮರ್ ಇವನ್ನೆಲ್ಲ ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು ಓದಿ. ಇದು ನನ್ನ ಅಭಿಪ್ರಾಯ. ನಿಮ್ಮ ಲೆಕ್ಚರರ್ ಒಪ್ಪಲಿಕ್ಕಿಲ್ಲ.

ಮೊದಲು ಸಿಮೆಂಟ್. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಅಂತ ಮನೆ ಕಟ್ಟಿಸುವವರಲ್ಲಿ ತುಂಬಾ ಜನ ನಂಬಿದ್ದಾರೆ. ಅದು ಒಣಗಿ ಗಟ್ಟಿಯಾಗೋದಲ್ಲ. ಸಿಮೆಂಟಿನ ಜೊತೆ ನೀರು ಸೇರಿ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಪುಸ್ತಕದಲ್ಲಿ ಸಿ3ಎಸ್, ಸಿ2ಎಸ್ ಅಂತ ಸಿಮೆಂಟಿನ ಎರಡು ಮುಖ್ಯ ಸಂಯುಕ್ತಗಳು ಬರುತ್ತವಲ್ಲ, ಅದನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಸಿ3ಎಸ್ ಬೇಗ ಕೆಲಸ ಮಾಡುತ್ತದೆ, ಮೊದಲ ದಿನಗಳ ಬಲ ಹೆಚ್ಚಾಗಿ ಅದರದ್ದು. ಸಿ2ಎಸ್ ನಿಧಾನ, ಅದರ ಬಲ ವಾರಗಟ್ಟಲೆ ಏರುತ್ತಾ ಹೋಗುತ್ತದೆ. ಪರೀಕ್ಷೆಗೆಂದು ಎರಕ ಹೊಯ್ದ ಕಾಂಕ್ರೀಟ್ ಕ್ಯೂಬ್‌ಗಳನ್ನು 7ನೇ ದಿನ ಒಮ್ಮೆ, 28ನೇ ದಿನ ಒಮ್ಮೆ ಒಡೆದು ನೋಡುವಾಗ ಎರಡು ಸಂಖ್ಯೆ ಯಾಕೆ ಬೇರೆ ಬರುತ್ತವೆ ಅನ್ನೋದು ಇಷ್ಟು ಗೊತ್ತಿದ್ದರೆ ಅರ್ಥವಾಗುತ್ತದೆ. ಸ್ಲ್ಯಾಬ್ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸೋದು ಯಾಕೆ ಅನ್ನೋದೂ ಅಷ್ಟೇ. ನೀರು ಆರಿಹೋದರೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456 ಪ್ರಕಾರ ಮಾಮೂಲಿ ಓಪಿಸಿ ಸಿಮೆಂಟ್‌ಗೆ ಕನಿಷ್ಠ 7 ದಿನ ಕ್ಯೂರಿಂಗ್ (ಹೀಗೆ ತೇವ ಆರದಂತೆ ಇಡೋದು) ಆಗಬೇಕು, ಹಾರುಬೂದಿ (ಕಲ್ಲಿದ್ದಲು ಸುಟ್ಟ ಬೂದಿ) ಸೇರಿದ ಪಿಪಿಸಿ ಸಿಮೆಂಟ್‌ಗೆ ಕನಿಷ್ಠ 10 ದಿನ. ಪಿಪಿಸಿ ಮೂಟೆ ತಂದು ನಾಲ್ಕೇ ದಿನಕ್ಕೆ ನೀರು ಹಾಕೋದನ್ನು ಬಿಟ್ಟುಬಿಡುವ ಮೇಸ್ತ್ರಿಗೆ ಏನು ಹೇಳಬೇಕು ಅನ್ನೋದು ಆಗ ನಿಮಗೆ ಗೊತ್ತಿರುತ್ತದೆ.

ಹಾರುಬೂದಿ ಹೊಸ ಸಂಗತಿ ಅಂದುಕೊಳ್ಳಬೇಡಿ. ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿಯಲ್ಲಿ. ಇಟ್ಟಿಗೆ ಪುಡಿಯಲ್ಲಿರುವ ಸಿಲಿಕಾ ಸುಣ್ಣದ ಜೊತೆ ಸೇರಿ ನೀರಿನಲ್ಲೂ ಕರಗದ ಅಂಟು ಆಗುತ್ತದೆ. ಇವತ್ತು ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲು ಸ್ಥಾವರಗಳ ಬೂದಿ ಸಿಮೆಂಟಿನೊಳಗೆ ಮಾಡೋದೂ ಇದನ್ನೇ.

ಇನ್ನೊಂದು ಮಜಾ ಸಂಗತಿ. ರೆಡಿಮಿಕ್ಸ್ ಲಾರಿ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡರೆ ಡ್ರಮ್ಮಿನೊಳಗೇ ಕಾಂಕ್ರೀಟ್ ಕಟ್ಟಿಕೊಳ್ಳುವ ಭಯ ಇರುತ್ತದೆ. ತೀರಾ ತುರ್ತಾದರೆ ಡ್ರಮ್ಮಿಗೆ ಸುರಿಯೋದು ಸಕ್ಕರೆ! ಸಕ್ಕರೆ ಸಿಮೆಂಟ್ ಕಣಗಳ ಮೇಲೆ ಅಂಟಿಕೊಂಡು ಕ್ರಿಯೆಯನ್ನು ತಡೆಯುತ್ತದೆ. ಆ ಕಾಂಕ್ರೀಟ್ ಹಾಳು, ಆದರೆ ಡ್ರಮ್ ಉಳಿಯುತ್ತದೆ.

ಈಗ ತುಕ್ಕು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಕಾಂಕ್ರೀಟಿನೊಳಗೆ ಪಿಎಚ್ ಹೆಚ್ಚುಕಡಿಮೆ 12.5ರಿಂದ 13 ಇರುತ್ತದೆ. ಅಷ್ಟು ಕ್ಷಾರ ಇರುವ ಕಡೆ ಕಂಬಿಯ ಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ, ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ಒಳಗೆ ಇಳಿದು ಈ ಪಿಎಚ್ ತಗ್ಗಿಸುತ್ತದೆ. ಅದು ಕಂಬಿಯವರೆಗೆ ತಲುಪಿದರೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ಹಳೆ ಅಪಾರ್ಟ್‌ಮೆಂಟ್‌ಗಳ ಬಾಲ್ಕನಿ ಕೆಳಗೆ ಚಕ್ಕೆ ಎದ್ದು ಕಂಬಿ ಕಾಣೋದು ಹೆಚ್ಚಾಗಿ ಹೀಗೇ. ಅಂಥ ಕಡೆ ನಾವು ಕಾಂಕ್ರೀಟನ್ನು ಹೊಸದಾಗಿ ಒಡೆದು ಫಿನಾಲ್ಫ್ತಲೀನ್ ಸಿಂಪಡಿಸುತ್ತೇವೆ. ಗುಲಾಬಿ ಆದ ಜಾಗ ಇನ್ನೂ ಚೆನ್ನಾಗಿದೆ, ಬಣ್ಣ ಬರದ ಜಾಗ ಕ್ಷಾರ ಕಳೆದುಕೊಂಡಿದೆ. ಬಣ್ಣ ಬರದ ಪದರ ಎಷ್ಟು ಮಿಲಿಮೀಟರ್ ಅಂತ ಸ್ಕೇಲ್ ಇಟ್ಟು ಅಳೆಯುತ್ತೇವೆ. ನೀವು ಪಿಯುಸಿ ಲ್ಯಾಬಿನಲ್ಲಿ ಟೈಟ್ರೇಶನ್‌ಗೆ ಬಳಸಿದ ಅದೇ ಫಿನಾಲ್ಫ್ತಲೀನ್.

ಕರಾವಳಿಯಲ್ಲಿ ಇದಕ್ಕೆ ಉಪ್ಪೂ ಸೇರುತ್ತದೆ. ಕ್ಲೋರೈಡ್ ಬಂದರೆ ಪಿಎಚ್ ಚೆನ್ನಾಗಿದ್ದರೂ ಆ ಪದರ ಒಡೆಯುತ್ತದೆ. ಅದಕ್ಕೇ ಐಎಸ್ 456ರಲ್ಲಿ ಒಳನಾಡಿನ ಸೌಮ್ಯ (ಮೈಲ್ಡ್) ವಾತಾವರಣಕ್ಕೆ ಕಂಬಿಯ ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟ್ ಪದರದ ದಪ್ಪ, 20 ಮಿಲಿಮೀಟರ್ ಇದ್ದರೆ, ಕಡಲ ತೀರದ ವಾತಾವರಣಕ್ಕೆ 45 ಇದೆ. ಮಂಗಳೂರಿನಲ್ಲಿ ಕೆಲಸ ಸಿಕ್ಕಿದರೆ ಕವರ್ ಬ್ಲಾಕ್ (ಆ ಅಂತರ ಕಾಯಲು ಕಂಬಿಯ ಕೆಳಗೆ ಇಡುವ ತುಂಡು) ವಿಷಯದಲ್ಲಿ ಜಗಳ ಆಡಿಯಾದರೂ ಸರಿ, ಬಿಡಬೇಡಿ.

ನೀರಿನ ಪಾಠ ಬೋರು, ಒಪ್ಪುತ್ತೇನೆ. ಆದರೆ ಲ್ಯಾಬ್ ಕೈಬಿಡಬೇಡಿ. ಈಡಿಟಿಎ ಹಾಕಿ ಕೆಂಪು ನೀಲಿಯಾಗುವ ಗಡಸುತನದ ಟೆಸ್ಟ್, ಸಿಲ್ವರ್ ನೈಟ್ರೇಟ್ ಹಾಕಿ ಹಳದಿ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುವ ಕ್ಲೋರೈಡ್ ಟೆಸ್ಟ್, ಎರಡನ್ನೂ ಪಕ್ಕದವರ ರೀಡಿಂಗ್ ನೋಡಿ ಬರೆಯದೆ ಸ್ವಂತ ಕೈಯಲ್ಲಿ ಮಾಡಿ. ಲೀಟರಿಗೆ ಇಷ್ಟು ಮಿಲಿಗ್ರಾಂ ಅನ್ನೋ ಲೆಕ್ಕ ಕೈಗೆ ಹತ್ತಬೇಕು. ಸೈಟಿಗೆ ಬೋರ್‌ವೆಲ್ ನೀರಿನ ರಿಪೋರ್ಟ್ ಬರುತ್ತದೆ, ಕ್ಲೋರೈಡ್ 900 ಅಂತ ಇರುತ್ತದೆ ಅಂದುಕೊಳ್ಳಿ. ಕಂಬಿ ಇಲ್ಲದ ಕಾಂಕ್ರೀಟಿಗೆ ಮಿತಿ 2000, ಕಂಬಿ ಇದ್ದರೆ 500. ಅಂದರೆ ಆ ನೀರಲ್ಲಿ ಪಿಸಿಸಿ ಬೆಡ್ (ಪಾಯದಡಿ ಹಾಕುವ ಕಂಬಿ ಇಲ್ಲದ ಕಾಂಕ್ರೀಟ್) ಹಾಕಬಹುದು, ಕಾಲಂ ಹಾಕುವಂತಿಲ್ಲ. ರಿಪೋರ್ಟಿನಲ್ಲಿ ಸಂಖ್ಯೆ ಮಾತ್ರ ಇರುತ್ತದೆ. ಸಹಿ ಹಾಕುವ ಮೊದಲು ಇದನ್ನು ನೋಡಬೇಕಾದವರು ನೀವು.

ಓದುವ ಕ್ರಮ ಕೇಳಿದ್ದೀರಲ್ಲ: ಮೊದಲು ಪಿಯುಸಿ ಪುಸ್ತಕದಿಂದ ಪಿಎಚ್, ಎಲೆಕ್ಟ್ರೋಕೆಮಿಸ್ಟ್ರಿ, ಈ ಎರಡು ಪಾಠ ತಿರುವಿಹಾಕಿ. ಅವು ಹಿಡಿತಕ್ಕೆ ಬಂದರೆ ತುಕ್ಕಿನ ಯೂನಿಟ್ ಎರಡು ಸಂಜೆಯ ಕೆಲಸ. ಇಂಟರ್ನಲ್ಸ್ ಹತ್ತಿರ ಬಂದಿದ್ದರೆ ಸಿಮೆಂಟ್ ಆಮೇಲೆ ನೋಡಿಕೊಳ್ಳಿ, ಮೂರನೇ ವರ್ಷದ ಹೊತ್ತಿಗೆ ಕಾಂಕ್ರೀಟ್ ಪಾಠದಲ್ಲಿ ಅದು ಹೇಗೂ ಮತ್ತೆ ಎದುರಾಗುತ್ತದೆ.