ನಾಲ್ಕೂವರೆ ಎಕರೆ ತೋಟ, ನಾಲ್ಕು ಕೋಟಿ ರೂಪಾಯಿಯ ಬಾಟಲಿ

ಪತ್ರ: 2018ರಲ್ಲಿ ರೊಮಾನೆ-ಕೋಂಟಿ ಎಂಬ ಫ್ರೆಂಚ್ ವೈನಿನ ಒಂದು ಬಾಟಲಿ 5,58,000 ಡಾಲರಿಗೆ ಹರಾಜಾಯಿತು ಎಂದು ಬರೆದಿದ್ದೀರಿ. ನಾನೂ ದ್ರಾಕ್ಷಿ ಬೆಳೆಗಾರ. ಬರೀ ಹೆಸರಿಗೆ ನಾಲ್ಕು ಕೋಟಿ ರೂಪಾಯಿಯಾ?
– ಓದುಗರೊಬ್ಬರು, ವಿಜಯಪುರ

ಉತ್ತರ: ಹೆಸರಿಗೂ ಕೊಟ್ಟಿದ್ದಾರೆ, ನಿಜ. ಹರಾಜು ನಡೆಸಿದ ಸೋದಬೀಸ್ ಸಂಸ್ಥೆ ಅಂದಾಜಿಸಿದ್ದು ಹೆಚ್ಚೆಂದರೆ 32,000 ಡಾಲರ್. ಅದರ ಮೇಲಿನದ್ದೆಲ್ಲ ಹರಾಜಿನ ಪೈಪೋಟಿ. ಆದರೆ ಆ ಹೆಸರು ಸುಮ್ನೆ ಬಂದದ್ದಲ್ಲ.

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ವೋನ್-ರೊಮಾನೆ ಹಳ್ಳಿಯ ಇಳಿಜಾರಿನಲ್ಲಿರುವ ಈ ತೋಟ ಬರೀ 1.8 ಹೆಕ್ಟೇರ್, ಅಂದರೆ ಸುಮಾರು ನಾಲ್ಕೂವರೆ ಎಕರೆ. ಅಂಚಿಗೆ ಗಿಡ್ಡ ಕಲ್ಲುಗೋಡೆ, ಪಕ್ಕದಲ್ಲೊಂದು ಕಲ್ಲಿನ ಶಿಲುಬೆ. ರಸ್ತೆಯಲ್ಲೇ ನಿಂತು ನೋಡಿ, ಒಳಗೆ ಕಾಲಿಡಬೇಡಿ ಎಂದು ಬಂದವರನ್ನು ಕೇಳಿಕೊಳ್ಳುವ ಫಲಕವೂ ಇದೆ. ಬೆಳೆ ಪಿನೋ ನ್ವಾರ್ ಕಪ್ಪು ದ್ರಾಕ್ಷಿ. ಮಣ್ಣು ಗಟ್ಟಿಯಾಗಬಾರದೆಂದು ಇಲ್ಲಿ ಕುದುರೆ ಕಟ್ಟಿ ಉಳುತ್ತಾರೆ. ವರ್ಷಕ್ಕೆ ಸಿಗುವುದು ಐದಾರು ಸಾವಿರ ಬಾಟಲಿ ಅಷ್ಟೇ.

ಹಿಂದೆ ಇದು ಸೇಂಟ್ ವಿವಾಂ ಮಠದ ಜಮೀನು. 1760ರಲ್ಲಿ ಕೋಂಟಿ ರಾಜಕುಮಾರ ಕೊಂಡ. ಫ್ರೆಂಚ್ ಕ್ರಾಂತಿಯಲ್ಲಿ ಸರ್ಕಾರ ಕಿತ್ತುಕೊಂಡು 1794ರಲ್ಲಿ ಹರಾಜಿಗೆ ಹಾಕಿತು. ಆಮೇಲೆ ಕೈ ಬದಲಾಗುತ್ತಾ ಹೋಯಿತು.

ನಿಮಗೆ ಹತ್ತಿರವಾಗುವ ಸಂಗತಿ ಬೇರೆಯೇ ಇದೆ. 19ನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಪುಟ್ಟ ಕೀಟ ಬೇರಿಗೇ ಬಿದ್ದು ಫ್ರಾನ್ಸಿನ ತೋಟಗಳನ್ನು ಹಾಳುಮಾಡಿತು. ಉಳಿದವರಲ್ಲಿ ಹೆಚ್ಚಿನವರು ಅಮೆರಿಕದ ಬೇರಿಗೆ ಕಸಿ ಕಟ್ಟಿದರು, ನಿಮ್ಮ ಕಡೆ ಡಾಗ್ರಿಡ್ಜ್ ಬೇರಿಗೆ ಕಟ್ಟುತ್ತಾರಲ್ಲ, ಹಾಗೆ. ರೊಮಾನೆ-ಕೋಂಟಿಯವರು ಮಾತ್ರ ಒಪ್ಪಲಿಲ್ಲ. ಕೀಟ ಸಾಯಿಸಲು ಮಣ್ಣಿಗೆ ಕಾರ್ಬನ್ ಡೈಸಲ್ಫೈಡ್ ಹಾಕುತ್ತಾ, ಸ್ವಂತ ಬೇರಿನ ಬಳ್ಳಿಗಳನ್ನೇ ಉಳಿಸಿಕೊಂಡು ಬಂದರು. ಎರಡನೇ ಮಹಾಯುದ್ಧದ ಕಾಲಕ್ಕೆ ಆ ಔಷಧಿಯೂ ಸಿಗದಾಯಿತು, ಆಳುಗಳೂ ಸಿಗಲಿಲ್ಲ. ಬಳ್ಳಿಗಳು ಸೊರಗಿದವು. 1945ರ ಕೊಯ್ಲಿನಲ್ಲಿ ಸಿಕ್ಕಿದ್ದು ಸುಮಾರು 600 ಬಾಟಲಿ. ಅದಾದ ಮೇಲೆ ಬಳ್ಳಿಗಳನ್ನೆಲ್ಲ ಕಿತ್ತರು. ಬೆಳೆಗಾರರಿಗೆ ಇದರ ನೋವು ನಾನು ಹೇಳಬೇಕಿಲ್ಲ. ಹೊಸದಾಗಿ ನೆಟ್ಟು, ಮತ್ತೆ ವೈನ್ ಮಾಡಿದ್ದು 1952ರಲ್ಲಿ.

ಹರಾಜಾದದ್ದು ಆ 1945ರ ಬಾಟಲಿಯೇ. ಈ ಹೆಸರಿನಲ್ಲಿ ನಕಲಿ ಮಾಲು ಜಾಸ್ತಿ ಓಡಾಡುತ್ತದೆ. ಇದು ಬರ್ಗಂಡಿಯ ಹೆಸರಾಂತ ವೈನ್ ವ್ಯಾಪಾರಿ ರೊಬೇರ್ ಡ್ರುಆಂ ಅವರ ಸ್ವಂತ ಸಂಗ್ರಹದಿಂದ ಬಂದದ್ದು, ಹಾಗಾಗಿ ಕೊಳ್ಳುವವರಿಗೆ ಅನುಮಾನ ಇರಲಿಲ್ಲ. ಕುಡಿಯುವ ಯಾವ ವೈನಿಗೂ ಅಷ್ಟು ಬೆಲೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಆ ಹಳೆಯ ಬಳ್ಳಿಗಳ ಕಡೆಯ ಫಸಲು ಅದು. ಕೊಂಡವರು ದುಡ್ಡು ಕೊಟ್ಟದ್ದು ಅದಕ್ಕೆ.